ಓನರ್ ಮನೆ ಹುಡುಗ ಕೈ ಹಿಡಿದ, ನನಗೆ ಕೂಗಲೂ ಆಗಲಿಲ್ಲ

ಪ್ರಶ್ನೆ: ನನಗೆ 26 ವರ್ಷ. ದಾವಣಗೆರೆಯಲ್ಲಿ ಅಮ್ಮ, ಅಣ್ಣನ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಖಾಸಗಿ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೆಲಸ, ಸೆಕೆಂಡ್ ಶಿಫ್ಟ್ ಮುಗಿಯುವುದು ರಾತ್ರಿ ಎಂಟೂವರೆಗೆ. ನಮ್ಮದು ಮೊದಲ ಮಹಡಿ, ಮೇಲೆ ಓನರ್ ಮನೆ. ಅವರ ತಂಗಿ ಮಗ ನಾಲ್ಕು ತಿಂಗಳಿಂದ ಬಸ್ ಸ್ಟಾಪಿನ ಹತ್ತಿರ ಬೈಕ್ ನಿಲ್ಲಿಸಿಕೊಂಡು ‘ಡ್ರಾಪ್ ಕೊಡ್ತೀನಿ’ ಅನ್ನುತ್ತಾನೆ, ರಾತ್ರಿ ಮೆಸೇಜ್ ಮಾಡುತ್ತಾನೆ. ಹೋದ ವಾರ ಮೆಟ್ಟಿಲ ಮೇಲೆ ಕೈ ಹಿಡಿದುಬಿಟ್ಟ. ಮರದ ಹಾಗೆ ನಿಂತುಬಿಟ್ಟೆ. ಯಾರೋ ಬಂದ ಸದ್ದಾಗಿ ಬಿಟ್ಟು ಹೋದ. ಅಮ್ಮ ‘ಮನೆ ಖಾಲಿ ಮಾಡಿಸ್ತಾರೆ, ಸುಮ್ನಿರು’ ಅನ್ನುತ್ತಾಳೆ, ಅಣ್ಣ ‘ಕೆಲಸ ಬಿಡು’ ಅನ್ನುತ್ತಾನೆ. ಗೆಳತಿ ಆತ್ಮರಕ್ಷಣೆಯ ಕ್ಲಾಸಿಗೆ ಕರೆಯುತ್ತಿದ್ದಾಳೆ. ನನ್ನಂಥ ಪುಕ್ಕಲಿಗೆ ಅದರಿಂದ ಪ್ರಯೋಜನವಿದೆಯೇ? ಹೊಡೆದರೆ ನನ್ನ ಮೇಲೇ ಕೇಸ್ ಆಗುವುದಿಲ್ಲವೇ?

ಉತ್ತರ: ಅಣ್ಣನ ಮಾತಿನಿಂದಲೇ ಶುರು ಮಾಡೋಣ. ಆ ಹುಡುಗ ಕೈ ಹಿಡಿದದ್ದು ಆಸ್ಪತ್ರೆಯಲ್ಲಲ್ಲ, ನಿಮ್ಮ ಮನೆಯ ಮೆಟ್ಟಿಲ ಮೇಲೆ. ಕೆಲಸ ಬಿಟ್ಟರೆ ಇಡೀ ದಿನ ಆ ಮೆಟ್ಟಿಲ ಪಕ್ಕದಲ್ಲೇ ಇರುತ್ತೀರಿ, ಮನೆ ಬದಲಿಸಲು ಬೇಕಾದ ಸಂಬಳವೂ ಕೈಯಲ್ಲಿರುವುದಿಲ್ಲ. ಕೆಲಸ ಬಿಡಬೇಡಿ.

ನಿಂತುಬಿಟ್ಟಿದ್ದಕ್ಕೆ ಪುಕ್ಕಲುತನ ಅಂತ ಹೆಸರಿಡಬೇಡಿ. ದಿಢೀರನೆ ಭಯವಾದಾಗ ಮೈ ಮರಗಟ್ಟುವುದು, ಗಂಟಲು ಕಟ್ಟುವುದು ನರಮಂಡಲದ ಕೆಲಸ, ಗಟ್ಟಿಗರಿಗೂ ಆಗುತ್ತದೆ. ಅದರಲ್ಲೂ ಎದುರಿಗಿರುವವನು ಗುರುತಿನವನಾದರೆ ‘ಕೂಗಿದರೆ ಏನಂದುಕೊಳ್ಳುತ್ತಾರೋ’ ಎಂಬ ಸಂಕೋಚವೂ ಸೇರಿಕೊಳ್ಳುತ್ತದೆ. ಕ್ಲಾಸಿಗೆ ಹೋಗಿ ಎಂದು ನಾವು ಹೇಳುವುದು ಮುಖ್ಯವಾಗಿ ಈ ಸಂಕೋಚಕ್ಕಾಗಿ. ನಮ್ಮ ದೇಶದ ಅಪರಾಧ ದಾಖಲೆಗಳಲ್ಲಿ ಅತ್ಯಾಚಾರ ಪ್ರಕರಣಗಳ ಆರೋಪಿಗಳು ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬಾರಿ ಗುರುತಿನವರೇ. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೊಳಗಾದವರ ಪ್ರಮಾಣ ಈ ತರಬೇತಿ ಪಡೆಯದ ವಿದ್ಯಾರ್ಥಿನಿಯರಲ್ಲಿ ಶೇ 9.8 ಇದ್ದರೆ, ಒಟ್ಟು 12 ಗಂಟೆಗಳ ತರಬೇತಿ ಪಡೆದವರಲ್ಲಿ ಶೇ 5.2 ಇತ್ತು. ಅಲ್ಲಿ ಹೊಡೆತ ಕಲಿಸಿದ್ದು ಒಂದು ಭಾಗ ಮಾತ್ರ. ಪರಿಚಯದವನ ಒತ್ತಡವನ್ನು ಬೇಗ ಗುರುತಿಸುವುದು, ಮುಲಾಜು ಬಿಟ್ಟು ‘ಬೇಡ’ ಎನ್ನುವುದು, ಇವೂ ಅಷ್ಟೇ ಮುಖ್ಯ ಪಾಠಗಳಾಗಿದ್ದವು.

ಹಾಗಾಗಿ ಕ್ಲಾಸ್ ಆರಿಸುವಾಗ ಒಂದು ದಿನ ಸುಮ್ಮನೆ ಕೂತು ನೋಡಿ ಬನ್ನಿ. ಮೊದಲ ದಿನವೇ ಗಂಟಲೆತ್ತಿ ಕೂಗಿಸುತ್ತಾರೆಯೇ? ಜೊತೆಗಾರರು ನಿಜವಾಗಿ ಬಿಗಿಯಾಗಿ ಹಿಡಿಯುತ್ತಾರೆಯೇ, ಅಥವಾ ಮುಟ್ಟಿದ ತಕ್ಷಣ ಬೀಳುತ್ತಾರೆಯೇ? ನಾಟಕದ ಹಿಡಿತದಲ್ಲಿ ಕಲಿತದ್ದು ನಿಜದ ಹಿಡಿತಕ್ಕೆ ಉಪಯೋಗಕ್ಕೆ ಬರುವುದಿಲ್ಲ. ‘ಎರಡೇ ವಾರದಲ್ಲಿ ಎಂಥ ಗಂಡಸನ್ನೂ ಕೆಡವಬಹುದು’ ಅನ್ನುವ ಮಾಸ್ತರರಿದ್ದರೆ ಎದ್ದು ಬನ್ನಿ. ಕರಾಟೆ ಒಳ್ಳೆಯದೇ, ಆದರೆ ಬೆಲ್ಟ್ ಹತ್ತುತ್ತಾ ಹೋಗಲು ವರ್ಷಗಳು ಬೇಕು, ನಿಮಗೆ ಬೇಕಿರುವುದು ನಾಲ್ಕೈದು ಸರಳ ಚಲನೆ. ಭಯದಲ್ಲಿ ಕೈ ನಡುಗುವಾಗ ಬೆರಳಿನ ನಾಜೂಕು ಕೆಲಸ ಆಗುವುದಿಲ್ಲ, ದೊಡ್ಡ ಸ್ನಾಯುಗಳ ಒರಟು ಚಲನೆ ಮಾತ್ರ ಆಗುತ್ತದೆ.

ನಿಮಗೆ ಆದದ್ದನ್ನೇ ತೆಗೆದುಕೊಳ್ಳಿ. ಕೈ ಹಿಡಿದಾಗ ಎಲ್ಲರೂ ನೇರ ಹಿಂದಕ್ಕೆ ಎಳೆಯುತ್ತಾರೆ. ಆಗ ಜಗ್ಗಾಟ ಅವನ ಇಡೀ ಮೈಭಾರದ ಜೊತೆ, ಸೋಲುವವರು ನೀವು. ಅವನ ಹೆಬ್ಬೆರಳ ತುದಿಯೂ ಉಳಿದ ಬೆರಳುಗಳ ತುದಿಯೂ ಎದುರಾಗುವ ಸಂದು ಇದೆಯಲ್ಲ, ಆ ಹಿಡಿತದಲ್ಲಿ ಸಡಿಲವಾದ ಜಾಗ ಅದೊಂದೇ. ಮುಷ್ಟಿ ಕಟ್ಟಿ, ಮಣಿಕಟ್ಟಿನ ಸಪೂರ ಅಂಚು ಆ ಸಂದಿಗೆ ಬರುವಂತೆ ತಿರುಗಿಸಿ. ಹಿಂದೆ ಸರಿಯದೆ ಒಂದು ಹೆಜ್ಜೆ ಅವನ ಕಡೆಗೇ ಇಟ್ಟು, ನಿಮ್ಮ ಮೊಣಕೈಯನ್ನು ಅವನ ಮೊಣಕೈ ಕಡೆ ಒತ್ತುತ್ತಾ, ಮುಷ್ಟಿಯನ್ನು ನಿಮ್ಮ ಭುಜದತ್ತ ಝಾಡಿಸಿ ತೆಗೆಯಿರಿ. ಮೆಟ್ಟಿಲ ಮೇಲಾದರೆ ಹೆಜ್ಜೆ ಇಡಬೇಡಿ, ಇನ್ನೊಂದು ಕೈಯಲ್ಲಿ ರೇಲಿಂಗ್ ಹಿಡಿದು ಮೈಯನ್ನಷ್ಟೇ ಮುಂದಕ್ಕೆ ಬಾಗಿಸಿ. ಕೈ ಬಿಡಿಸಿಕೊಂಡ ರಭಸಕ್ಕೆ ಹಿಂದಕ್ಕೆ ಉರುಳುವುದು ಅಲ್ಲಿನ ದೊಡ್ಡ ಅಪಾಯ. ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಮಾಡುವ ತಪ್ಪು ಇನ್ನೊಂದಿದೆ: ಕೈ ಬಿಡಿಸಿಕೊಂಡು ಅಲ್ಲೇ ನಿಲ್ಲುತ್ತಾರೆ. ಬಿಡಿಸುವುದು, ‘ಕೈ ಬಿಡು! ದೂರ ಹೋಗು!’ ಎಂದು ಕೂಗುವುದು, ಜನ ಇರುವ ಕಡೆ ಓಡುವುದು, ಮೂರನ್ನೂ ಒಟ್ಟಿಗೇ ಅಭ್ಯಾಸ ಮಾಡಿ. ಹೊಟ್ಟೆಯಿಂದ ಉಸಿರು ಹೊರಹಾಕುತ್ತಾ ಕೂಗಿದರೆ ಗಂಟಲು ಕಟ್ಟುವುದಿಲ್ಲ. ವಾರಕ್ಕೆರಡು ದಿನ ಗೆಳತಿಯ ಜೊತೆ ಹತ್ತು ನಿಮಿಷ ಸಾಕು.

ಹೊಡೆಯಲೇಬೇಕಾದರೆ ಮುಷ್ಟಿ ಬೇಡ. ಅಭ್ಯಾಸವಿಲ್ಲದ ಮುಷ್ಟಿ ದವಡೆಗೆ ಬಿದ್ದರೆ ಮುರಿಯುವುದು ಕಿರುಬೆರಳ ಬುಡದ ಮೂಳೆ. ಅಂಗೈಯ ಬುಡದಿಂದ ಮೂಗು, ಗದ್ದಕ್ಕೆ ಕೆಳಗಿನಿಂದ ಮೇಲಕ್ಕೆ ಕೊಡಿ. ತೊಡೆಸಂದಿಗೆ ದೂರದಿಂದ ಒದೆಯುವುದು ಸಿನಿಮಾದಲ್ಲಿ ಚೆಂದ, ನಿಜದಲ್ಲಿ ಗಂಡಸರು ಆ ಜಾಗ ಕಾಯ್ದುಕೊಳ್ಳುವುದರಲ್ಲಿ ಚುರುಕು. ಮೈಗೆ ಮೈ ತಾಗುವಷ್ಟು ಹತ್ತಿರವಿದ್ದಾಗ ಮಂಡಿ ಎತ್ತಿ, ಇಲ್ಲವಾದರೆ ಅವನ ಮೊಣಕಾಲ ಚಿಪ್ಪಿಗೆ ಒದೆಯಿರಿ. ಬೆರಳ ಸಂದಿಯಲ್ಲಿ ಕೀ ಸಿಕ್ಕಿಸಿಕೊಳ್ಳಬೇಡಿ, ಜಾರಿ ನಿಮ್ಮ ಬೆರಳೇ ಸೀಳುತ್ತದೆ. ಖಾರದ ಪುಡಿ ಗಾಳಿಗೆ ನಿಮ್ಮ ಕಣ್ಣಿಗೇ ಬರುತ್ತದೆ. ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಬಹುದು, ಆದರೆ ಬ್ಯಾಗಿನ ತಳದಲ್ಲಲ್ಲ, ಕೈಗೆ ಸಿಗುವ ಹೊರ ಜೇಬಿನಲ್ಲಿ. ಎಕ್ಸ್‌ಪೈರಿ ನೋಡಿ, ಬಯಲಿನಲ್ಲಿ ಒಮ್ಮೆ ಒತ್ತಿ ನೋಡಿ. ಮುಚ್ಚಿದ ಮೆಟ್ಟಿಲಿನಲ್ಲಿ ಹೊಡೆದರೆ ನಿಮಗೂ ಉಸಿರು ಕಟ್ಟುತ್ತದೆ ಎಂಬುದು ನೆನಪಿರಲಿ.

ಕೇಸಿನ ಭಯದ ಬಗ್ಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕಿನವು. ದಾಳಿ ತಪ್ಪಿಸಿಕೊಳ್ಳಲು ಅಗತ್ಯವಿರುವಷ್ಟೇ ಬಲ ಬಳಸಿದರೆ ಅದು ಅಪರಾಧವಲ್ಲ. ಅವನು ಬಿಟ್ಟು ಓಡಿದ ಮೇಲೆ ಬೆನ್ನಟ್ಟಿ ಹೊಡೆದರೆ ಆ ರಕ್ಷಣೆ ಸಿಗುವುದಿಲ್ಲ. ಅವನು ಮಾಡುತ್ತಿರುವುದಂತೂ ಅಪರಾಧವೇ: ಬೇಡವೆಂದ ಮೇಲೂ ಹಿಂದೆ ಬೀಳುವುದಕ್ಕೆ 78ನೇ ಕಲಂ, ಮೊದಲ ಸಲ ಮೂರು ವರ್ಷದವರೆಗೆ ಜೈಲು. ಕೆಟ್ಟ ಉದ್ದೇಶದಿಂದ ಕೈ ಹಿಡಿದದ್ದಕ್ಕೆ 74ನೇ ಕಲಂ ಹಾಕಬಹುದು, ಅದಕ್ಕೆ ಒಂದರಿಂದ ಐದು ವರ್ಷ.

ಇಲ್ಲಿ ‘ಬೇಡವೆಂದ ಮೇಲೂ’ ಎನ್ನುವುದೇ ಮುಖ್ಯ. ನಾಲ್ಕು ತಿಂಗಳು ನೀವು ನಕ್ಕು ತಪ್ಪಿಸಿಕೊಂಡಿರಬಹುದು, ಅದರಿಂದ ನಿಮ್ಮ ಹಕ್ಕು ಹೋಗುವುದಿಲ್ಲ, ಆದರೆ ಸಾಕ್ಷಿ ತೆಳುವಾಗುತ್ತದೆ. ಇಂದೇ ಒಂದು ಮೆಸೇಜ್ ಕಳಿಸಿ: ‘ನನಗೆ ಮೆಸೇಜ್ ಮಾಡಬೇಡಿ, ದಾರಿಯಲ್ಲಿ ತಡೆಯಬೇಡಿ, ಮೈ ಮುಟ್ಟಬೇಡಿ.’ ಸ್ಮೈಲಿ ಬೇಡ, ಸಾರಿ ಬೇಡ, ಕಾರಣ ಬೇಡ. ಆಮೇಲೆ ಏನೇ ಬರಲಿ ಉತ್ತರಿಸಬೇಡಿ. ಸದ್ಯಕ್ಕೆ ಬ್ಲಾಕ್ ಮಾಡುವ ಬದಲು ಮ್ಯೂಟ್ ಮಾಡಿಡಿ, ಬಂದದ್ದೆಲ್ಲ ದಾಖಲೆಯಾಗುತ್ತದೆ. ನಂಬರ್, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಗೆಳತಿಗೂ ಕಳಿಸಿ. ಮೆಟ್ಟಿಲ ಘಟನೆಯ ದಿನ, ಹೊತ್ತು, ಅವನಾಡಿದ ಮಾತು ಮರೆಯುವ ಮುನ್ನ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಎಸ್‌ಒಎಸ್ ಆನ್ ಮಾಡಿಕೊಳ್ಳಿ, ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪವರ್ ಬಟನ್ ಐದು ಸಲ ಒತ್ತಿದರೆ ಕರೆ ಹೋಗುತ್ತದೆ. ಕೈಯಾರೆ ಮಾಡುವುದಾದರೆ 112. ಕೆಲಸ ಮುಗಿದ ಮೇಲೆ ಅಣ್ಣ ಬಸ್ ಸ್ಟಾಪಿಗೆ ಬರಲಿ. ಕೆಲಸ ಬಿಡು ಎನ್ನುವ ಬದಲು ಅವರು ಮಾಡಬಹುದಾದ ಕೆಲಸ ಇದು.

ಇನ್ನು ಅಮ್ಮನ ಭಯ. ಅದು ಸುಳ್ಳಲ್ಲ, ಓನರ್ ಮುನಿದು ಮನೆ ಬಿಡಿ ಎನ್ನಬಹುದು. ಆದ್ದರಿಂದ ಬಾಡಿಗೆ ಕರಾರಿನಲ್ಲಿ ನೋಟಿಸ್ ಎಷ್ಟು ತಿಂಗಳು, ಅಡ್ವಾನ್ಸ್ ವಾಪಸಿನ ಬಗ್ಗೆ ಏನಿದೆ ಎಂದು ಓದಿಕೊಂಡು, ಬೇರೆ ಮನೆ ಹುಡುಕಲು ಈಗಲೇ ಶುರು ಮಾಡಿ. ಆಮೇಲೆ ಅಣ್ಣ ಮತ್ತು ಎರಡೂ ಮನೆಯವರಿಗೆ ಗೊತ್ತಿರುವ ಹಿರಿಯರೊಬ್ಬರ ಜೊತೆ ಓನರ್ ಬಳಿ ಹೋಗಿ, ಆ ಹುಡುಗನಿಲ್ಲದ ಹೊತ್ತಿನಲ್ಲಿ, ಸ್ಕ್ರೀನ್‌ಶಾಟ್ ತೋರಿಸಿ ಮಾತಾಡಿ. ಅವನು ಮತ್ತೆ ಮುಟ್ಟಿದರೆ ಮಾತಿಲ್ಲ, ನೇರ ಠಾಣೆಗೆ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಇಂಥ ದೂರನ್ನು ಮಹಿಳಾ ಪೊಲೀಸರೇ ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಪ್ರತಿ ಪಡೆಯದೆ ಎದ್ದು ಬರಬೇಡಿ.