ತೇಜಸ್: ಬಲವೆಷ್ಟು, ಮಾರಾಟವೆಲ್ಲಿ?

ಪ್ರಶ್ನೆ: ನಮ್ಮ ತೇಜಸ್ ಯುದ್ಧ ವಿಮಾನ ಎಷ್ಟು ತೂಕ ಹೊರುತ್ತದೆ ಎಂಬುದಕ್ಕೆ ಒಂದೊಂದು ಕಡೆ ಒಂದೊಂದು ಅಂಕಿ ಕೊಡುತ್ತಾರೆ. ಫ್ರಾನ್ಸಿನ ರಫೇಲ್ ಮುಂದೆ ಅದು ದುರ್ಬಲವೇ?
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ತುಮಕೂರು)

ಅಂಕಿಗಳನ್ನು ನೀವೇ ಕೂಡಿ ಕಳೆದು ನೋಡಿ. ತೇಜಸ್ ಮಾರ್ಕ್-1ರ ಖಾಲಿ ತೂಕ ಸುಮಾರು 6,560 ಕೆ.ಜಿ. ಒಳಗಿನ ಟ್ಯಾಂಕುಗಳಲ್ಲಿ ಸುಮಾರು 2,450 ಕೆ.ಜಿ. ಇಂಧನ ಹಿಡಿಯುತ್ತದೆ. ನೆಲ ಬಿಡಬಹುದಾದ ಗರಿಷ್ಠ ತೂಕ 13,500 ಕೆ.ಜಿ. ಉಳಿದದ್ದು ಸುಮಾರು 4,500 ಕೆ.ಜಿ. ಪೈಲಟ್, ಕ್ಷಿಪಣಿ, ಬಾಂಬು, ಅವನ್ನು ತೂಗುಹಾಕುವ ಪೈಲಾನ್, ಹೊರಗಿನ ಟ್ಯಾಂಕು ಎಲ್ಲವೂ ಇಷ್ಟರಲ್ಲೇ ಆಗಬೇಕು. 1,200 ಲೀಟರಿನ ಎರಡು ಟ್ಯಾಂಕು ಕಟ್ಟಿದರೆ ಆ ಇಂಧನವೊಂದೇ ಸುಮಾರು 1,900 ಕೆ.ಜಿ. ತಿನ್ನುತ್ತದೆ. ದೂರ ಹೋಗಬೇಕೆಂದರೆ ಬಾಂಬು ಕಡಿಮೆ, ಬಾಂಬು ಹೆಚ್ಚು ಬೇಕೆಂದರೆ ದೂರ ಕಡಿಮೆ. ಗರಿಷ್ಠ ದೂರ, ಗರಿಷ್ಠ ಹೊರೆ, ಗರಿಷ್ಠ ವೇಗ ಮೂರೂ ಒಂದೇ ಹಾರಾಟದಲ್ಲಿ ಯಾವ ವಿಮಾನದಲ್ಲೂ ಸಿಗುವುದಿಲ್ಲ.

ನೂಕುಬಲದ ಲೆಕ್ಕವೂ ಹೀಗೆಯೇ. ತೇಜಸ್‌ನಲ್ಲಿರುವ, ಅಮೆರಿಕದ ಜಿಇ ಕಂಪನಿಯ ಎಫ್404 ಎಂಜಿನ್ ಆಫ್ಟರ್‌ಬರ್ನರ್ (ಹೊಗೆಗೊಳವೆಯಲ್ಲಿ ಇನ್ನಷ್ಟು ಇಂಧನ ಉರಿಸುವ ವ್ಯವಸ್ಥೆ) ಹಾಕಿದಾಗ ಸುಮಾರು 84 ಕಿಲೋನ್ಯೂಟನ್ ಕೊಡುತ್ತದೆ, ಅಂದರೆ ಎಂಟೂವರೆ ಟನ್. ಅರ್ಧ ಇಂಧನ, ಎರಡು ಸಣ್ಣ ಕ್ಷಿಪಣಿ ಇದ್ದಾಗ ನೂಕುಬಲ ವಿಮಾನದ ತೂಕಕ್ಕೆ ಸರಿಸಮ. ಪೂರ್ತಿ ಹೊರೆಯಲ್ಲಿ ಅದು ತೂಕದ 0.63 ಪಾಲಿಗೆ ಇಳಿಯುತ್ತದೆ. ಲೇಹ್‌ನಂಥ ಎತ್ತರದ ನೆಲೆಯಲ್ಲಿ ಗಾಳಿ ತೆಳುವಾಗಿ ಎಂಜಿನ್ನೂ ಸೊರಗುತ್ತದೆ, ರೆಕ್ಕೆಯೂ ಸೊರಗುತ್ತದೆ. ಅಲ್ಲಿ ಹೊರೆ ಇಳಿಸದೆ ಬೇರೆ ದಾರಿಯಿಲ್ಲ.

ರಫೇಲ್‌ಗೆ ಎರಡು ಎಂಜಿನ್, ಗರಿಷ್ಠ ತೂಕ 24.5 ಟನ್. ದೂರದ ದಾಳಿಯಲ್ಲಿ ಅದೇ ಮೇಲು, ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಗಡಿಯ ಆಕಾಶ ಕಾಯುವ ಕೆಲಸಕ್ಕೆ ಹೊರೆಗಿಂತ ಮುಖ್ಯವಾದದ್ದು ಮೊದಲು ಯಾರು ಯಾರನ್ನು ಕಾಣುತ್ತಾರೆ ಎಂಬುದು. ರೇಡಾರ್ ಕಾಣುವ ದೂರವು ಗುರಿಯ ರೇಡಾರ್ ಬಿಂಬದ (ರೇಡಾರಿಗೆ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಅಳತೆ) ನಾಲ್ಕನೇ ಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. ಬಿಂಬ ಹದಿನಾರರಲ್ಲಿ ಒಂದು ಪಾಲಾದರೂ ಕಾಣುವ ದೂರ ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ. ಹಾಗಾಗಿ ತೇಜಸ್‌ನ ಚಿಕ್ಕ ದೇಹದಿಂದ ಲಾಭವಿದೆ, ಪವಾಡವಿಲ್ಲ. ಸುಧಾರಿತ ಮಾದರಿಯಾದ ಮಾರ್ಕ್-1ಎಗೆ ಎಇಎಸ್‌ಎ (ಕಿರಣವನ್ನು ವಿದ್ಯುನ್ಮಾನದಿಂದಲೇ ತಿರುಗಿಸುವ) ರೇಡಾರ್ ಮತ್ತು ಶತ್ರುವಿನ ರೇಡಾರನ್ನು ಕೆಡಿಸುವ ಜಾಮರ್ ಕೊಟ್ಟಿರುವುದು ಇದಕ್ಕೇ. ಕ್ಷಿಪಣಿಯ ದೂರವನ್ನೂ ಎಚ್ಚರದಿಂದ ಓದಿ. ಪ್ರಕಟಿಸುವ ಅಂಕಿ ಸಾಮಾನ್ಯವಾಗಿ ಎತ್ತರದಲ್ಲಿ ಎದುರುಬದುರು ಬರುವ ಗುರಿಯದ್ದು. ಕೆಳಮಟ್ಟದಲ್ಲಿ, ಓಡಿಹೋಗುವ ಗುರಿಯ ಬೆನ್ನು ಹತ್ತಿದಾಗ ಅದರಲ್ಲೊಂದು ಸಣ್ಣ ಪಾಲು ಮಾತ್ರ ಉಳಿಯುತ್ತದೆ.

ಪ್ರಶ್ನೆ: ನಮ್ಮ ಬಿದರೆಹಳ್ಳ ಕಾವಲ್‌ನ ಎಚ್‌ಎಎಲ್ ಕಾರ್ಖಾನೆಯಲ್ಲಿ ತೇಜಸ್ ತಯಾರಾಗುತ್ತದೆಯೇ?
(ಓದುಗರು, ಗುಬ್ಬಿ)

ಇಲ್ಲ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಅದು ಹೆಲಿಕಾಪ್ಟರ್ ಕಾರ್ಖಾನೆ. ತೇಜಸ್ ಜೋಡಣೆ ಬೆಂಗಳೂರು ಮತ್ತು ನಾಸಿಕ್‌ನಲ್ಲಿ.

ಪ್ರಶ್ನೆ: ಇಷ್ಟು ದೇಶಗಳಿಗೆ ತೋರಿಸಿದರೂ ತೇಜಸ್ಸನ್ನು ಯಾರೂ ಕೊಂಡಿಲ್ಲವೇಕೆ? ಅಮೆರಿಕದ ಎಂಜಿನ್ ಇರುವುದೇ ಕಾರಣವೇ?
(ನಿವೃತ್ತ ಶಿಕ್ಷಕರು, ಚಿಂತಾಮಣಿ)

ಎಂಜಿನ್ ದೊಡ್ಡ ಗಂಟು, ಹೌದು. ಇಸ್ರೇಲಿನ ಕಫೀರ್ ವಿಮಾನವನ್ನು ಈಕ್ವೆಡಾರ್ ಕೊಳ್ಳಲು ಹೊರಟಾಗ, ಅದರ ಜೆ79 ಎಂಜಿನ್ ತಮ್ಮದೆಂಬ ಹಕ್ಕಿನಿಂದ 1977ರಲ್ಲಿ ಅಮೆರಿಕ ಮಾರಾಟ ತಡೆಯಿತು. ತೇಜಸ್ ಮಾರಲೂ ಅಮೆರಿಕದ ಒಪ್ಪಿಗೆ ಬೇಕು. ಪೈಲಟ್ ಹೊರಜಿಗಿಯುವ ಆಸನ ಬ್ರಿಟನ್ನಿನ ಮಾರ್ಟಿನ್-ಬೇಕರ್‌ನದು. 1982ರ ಫಾಕ್‌ಲೆಂಡ್ ಯುದ್ಧದ ಬಳಿಕ ಅರ್ಜೆಂಟೀನಾಗೆ ಸೇನಾ ಸಾಮಗ್ರಿ ಕೊಡಲು ಬ್ರಿಟನ್ ಒಪ್ಪದ ಕಾರಣ, ಆ ಒಂದು ಆಸನವೇ ಅಲ್ಲಿನ ಮಾರಾಟಕ್ಕೆ ತೊಡಕು. ಅರ್ಜೆಂಟೀನಾ 2024ರಲ್ಲಿ ಡೆನ್ಮಾರ್ಕಿನ ಹಳೆಯ ಎಫ್-16ಗಳನ್ನು ಕೊಂಡಿತು.

ಆದರೂ ಎಲ್ಲವನ್ನೂ ಎಂಜಿನ್ನಿನ ತಲೆಗೆ ಕಟ್ಟಬೇಡಿ. 2023ರಲ್ಲಿ ಮಲೇಷ್ಯಾ ತೇಜಸ್ ಬಿಟ್ಟು ಕೊಂಡ ದಕ್ಷಿಣ ಕೊರಿಯಾದ ಹಗುರ ಯುದ್ಧ ವಿಮಾನ ಎಫ್‌ಎ-50ರಲ್ಲೂ ಎಫ್404 ಎಂಜಿನ್ನೇ ಇದೆ! ವ್ಯತ್ಯಾಸ ಮಾಡಿದ್ದು ಸಮಯಪಾಲನೆ ಎಂಬುದು ನಮ್ಮ ಅಭಿಪ್ರಾಯ. ಪೋಲೆಂಡ್ 2022ರ ಸೆಪ್ಟೆಂಬರ್‌ನಲ್ಲಿ ಎಫ್‌ಎ-50ಗೆ ಸಹಿ ಹಾಕಿತು, 2023 ಮುಗಿಯುವಷ್ಟರಲ್ಲಿ ಮೊದಲ 12 ವಿಮಾನ ಬಂದಿಳಿದವು. ನಮ್ಮ 83 ಮಾರ್ಕ್-1ಎ ಒಪ್ಪಂದ 2021ರ ಫೆಬ್ರುವರಿಯದು. ಜಿಇ ನಿಲ್ಲಿಸಿಬಿಟ್ಟಿದ್ದ ಅದರ ಎಂಜಿನ್ ಮಾದರಿಯ ತಯಾರಿಕೆಯನ್ನು ಮತ್ತೆ ಆರಂಭಿಸಬೇಕಾಯಿತು. 99 ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದೇ 2025ರ ಮಾರ್ಚ್‌ನಲ್ಲಿ. ಸ್ವಂತ ವಾಯುಪಡೆಗೇ ತಡವಾಗುವ ವಿಮಾನಕ್ಕೆ ಹೊರದೇಶದವರು ಮುಂಗಡ ಕೊಡುವುದು ಕಷ್ಟ.

ಇನ್ನೊಂದು ಪಾಠ ನಮ್ಮ ಧ್ರುವ್ ಹೆಲಿಕಾಪ್ಟರಿನದು. ಈಕ್ವೆಡಾರ್ ಏಳು ಕೊಂಡಿತು, ನಾಲ್ಕು ಅಪಘಾತಕ್ಕೀಡಾದವು, ಬಿಡಿಭಾಗದ ದೂರುಗಳು ಬೆಳೆದವು, 2015ರಲ್ಲಿ ಒಪ್ಪಂದ ರದ್ದಾಯಿತು. ಕೊಳ್ಳುವ ದೇಶ ಮೂವತ್ತು ವರ್ಷದ ಬಿಡಿಭಾಗ, ಸಿಮ್ಯುಲೇಟರ್, ತರಬೇತಿ, ಅಪಘಾತವಾದರೆ ತನಿಖೆಯ ಪೂರ್ಣ ವಿವರ ಎಲ್ಲವನ್ನೂ ಕೇಳುತ್ತದೆ. 2025ರ ನವೆಂಬರ್‌ನಲ್ಲಿ ದುಬೈ ಪ್ರದರ್ಶನದಲ್ಲಿ ತೇಜಸ್ ಬಿದ್ದು ಪೈಲಟ್ ಪ್ರಾಣ ತೆತ್ತ ಮೇಲಂತೂ ಈ ಕೊನೆಯ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಹಾಗೆಂದು ಕೈಚೆಲ್ಲುವ ಕಾಲವೂ ಇದಲ್ಲ. 1986ರಲ್ಲಿ ಮೊದಲ ಮಾದರಿ ಹಾರಿದ ರಫೇಲ್‌ಗೆ ಮೊದಲ ವಿದೇಶಿ ಗಿರಾಕಿ, ಈಜಿಪ್ಟ್, ಸಿಕ್ಕಿದ್ದು 2015ರಲ್ಲಿ.

ಪ್ರಶ್ನೆ: ನಮ್ಮದು ಮೂರು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳ ಸಣ್ಣ ಘಟಕ. ಯುದ್ಧ ವಿಮಾನದ ಬಿಡಿಭಾಗ ಮಾಡಬಹುದೇ?
(ಓದುಗರು, ಮಾಲೂರು)

ಮಾಡಬಹುದು. ಮೊದಲು ವಿಮಾನೋದ್ಯಮದ ಗುಣಮಟ್ಟಕ್ಕೆ ಸಂಬಂಧಿಸಿದ ಎಎಸ್9100 ಪ್ರಮಾಣಪತ್ರ ಪಡೆದು, ದೊಡ್ಡ ಸರಬರಾಜುದಾರರ ಕೈಕೆಳಗೆ ಜಾಬ್ ವರ್ಕ್‌ನಿಂದ ಶುರು ಮಾಡಿ. ಅಳತೆ ಸರಿಯಿದ್ದೂ ಕಾಗದಪತ್ರ ಸರಿಯಿಲ್ಲದೆ ಭಾಗಗಳು ವಾಪಸಾಗುತ್ತವೆ: ಯಾವ ಹೀಟ್ ನಂಬರಿನ (ಒಂದೇ ಸಲ ಕರಗಿಸಿದ ಲೋಹಕ್ಕೆ ಕೊಡುವ ಸಂಖ್ಯೆ) ಲೋಹ, ಯಾವ ಲೋಹ ಕಾರ್ಖಾನೆಯ ಪರೀಕ್ಷಾ ಪತ್ರ ಎಂಬುದನ್ನು ಪ್ರತಿ ತುಂಡಿಗೂ ಹೊಂದಿಸಿಡಬೇಕು. ಮೊದಲ ತುಂಡಿನಲ್ಲಿ ಡ್ರಾಯಿಂಗಿನ ಪ್ರತಿ ಅಳತೆಗೂ ಸಂಖ್ಯೆ ಕೊಟ್ಟು, ಅಳೆದು, ವರದಿ ಬರೆಯಬೇಕು. ಆನೊಡೈಸಿಂಗ್, ಹೀಟ್ ಟ್ರೀಟ್‌ಮೆಂಟ್ ಸಿಕ್ಕಸಿಕ್ಕಲ್ಲಿ ಮಾಡಿಸಬೇಡಿ; ಗಿರಾಕಿ ಒಪ್ಪಿದ, ಸಾಮಾನ್ಯವಾಗಿ ನ್ಯಾಡ್‌ಕ್ಯಾಪ್ (ಇಂಥ ವಿಶೇಷ ಪ್ರಕ್ರಿಯೆಗಳಿಗೆ ವಿಮಾನೋದ್ಯಮ ಕೊಡುವ ಮನ್ನಣೆ) ಮಾನ್ಯತೆಯ ಘಟಕವೇ ಆಗಬೇಕು.

7075 ಅಲ್ಯುಮಿನಿಯಂನ ತೆಳು ಗೋಡೆಯ ಭಾಗಗಳು ಕ್ಲ್ಯಾಂಪ್ ಬಿಚ್ಚಿದೊಡನೆ ಸೊಟ್ಟಗಾಗುವುದುಂಟು, ಲೋಹದೊಳಗಿನ ಒತ್ತಡ ಬಿಡುಗಡೆಯಾಗುವುದರಿಂದ. ಎರಡೂ ಬದಿ ಸುಮಾರು 1 ಮಿ.ಮೀ. ಉಳಿಸಿ ರಫ್ ಕಟ್ ಮಾಡಿ, ಕ್ಲ್ಯಾಂಪ್ ಸಡಿಲಿಸಿ ಬಿಟ್ಟು, ಮತ್ತೆ ಹಗುರವಾಗಿ ಹಿಡಿದು ಫಿನಿಶ್ ಮಾಡಿ. ಟೈಟಾನಿಯಂನಲ್ಲಿ ಬಿಸಿ ಟೂಲಿನ ಅಂಚಿನಲ್ಲೇ ನಿಲ್ಲುತ್ತದೆ, ಆದ್ದರಿಂದ ವೇಗ ತಗ್ಗಿಸಿ, ಕೂಲಂಟ್ ಧಾರಾಳವಾಗಿ ಬಿಡಿ. ಅಡ್ಡ ರಂಧ್ರಗಳು ಸೇರುವಲ್ಲಿ ಉಳಿದ ಬರ್ (ಅಂಚಿನ ಮುಳ್ಳು) ಮತ್ತು ಲೋಹದ ಚೂರನ್ನು ಬೋರ್‌ಸ್ಕೋಪ್ (ರಂಧ್ರದೊಳಗೆ ಇಣುಕುವ ಸಣ್ಣ ದರ್ಶಕ) ಹಾಕಿ ನೋಡಿ ತೆಗೆಯಿರಿ. ಇಂಧನದ ದಾರಿಯಲ್ಲಿ ಅಂಥ ಒಂದು ಚೂರು ಕಳಚಿಕೊಂಡರೂ ವಾಲ್ವ್ ಸಿಕ್ಕಿಕೊಳ್ಳುತ್ತದೆ.