ಗ್ರಾಫಿಕ್ ಡಿಸೈನ್ ಕಲಿಯಲು ಬಿವಿಎ ಮೊದಲ ವರ್ಷದ ಎಲ್ಲ ವಿಷಯಗಳನ್ನೂ ಓದಬೇಕೇ?

ನೀವು ಕೇಳಿರುವುದು ಇಷ್ಟು: ದ್ವಿತೀಯ ಪಿಯುಸಿ ಮುಗಿದಿದೆ, ಬಿವಿಎ ಎಂಬ ದೃಶ್ಯಕಲಾ ಪದವಿಗೆ ಸೀಟು ಸಿಗುವಂತಿದೆ, ಗ್ರಾಫಿಕ್ ಡಿಸೈನರ್ ಆಗಬೇಕೆಂಬುದೂ ನಿಶ್ಚಯವಾಗಿದೆ, ಹೀಗಿರುವಾಗ ಮೊದಲ ವರ್ಷವಿಡೀ ಜೇಡಿಮಣ್ಣು, ಮುದ್ರಣ ಕಲೆ, ಕಲಾ ಇತಿಹಾಸ ಎಂದು ಸಂಬಂಧವಿಲ್ಲದ ವಿಷಯಗಳಲ್ಲಿ ಕಳೆಯುವುದಕ್ಕಿಂತ ಒಂದು ವರ್ಷದ ಡಿಪ್ಲೊಮಾ ಸೇರುವುದು ಲೇಸಲ್ಲವೇ? ನಾನು ಬೆಂಗಳೂರಿನ ಕಲಾ ಕಾಲೇಜೊಂದರಲ್ಲಿ ಅನ್ವಯಿಕ ಕಲೆಯನ್ನು, ಅಂದರೆ ಗ್ರಾಫಿಕ್ ಡಿಸೈನ್ ಕಲಿಸುವ ವಿಭಾಗವನ್ನು, ಮುಖ್ಯ ವಿಷಯವಾಗಿ ಓದಿ, ಪುಸ್ತಕಗಳ ಮುಖಪುಟ ಮತ್ತು ಒಳಪುಟಗಳ ವಿನ್ಯಾಸವನ್ನು ವೃತ್ತಿಯಾಗಿಸಿಕೊಂಡವನು. ನನ್ನ ಸಲಹೆ ಬಿವಿಎ ಸೇರಿ ಎಂಬುದೇ. ಅದರಲ್ಲೂ, ನೀವು ಸಂಬಂಧವಿಲ್ಲದ್ದೆಂದು ಬದಿಗಿಟ್ಟಿರುವ ಆ ವಿಷಯಗಳಿಗಾಗಿಯೇ ಸೇರಿ.

ನಾಲ್ಕು ವರ್ಷದ ಈ ಪದವಿಯಲ್ಲಿ ಸಾಮಾನ್ಯವಾಗಿ ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠವಿರುತ್ತದೆ. ಅದನ್ನು ಫೌಂಡೇಶನ್ ಎನ್ನುತ್ತಾರೆ. ಅದಾದ ಮೇಲೆ ಚಿತ್ರಕಲೆ, ಶಿಲ್ಪಕಲೆ, ಮುದ್ರಣ ಕಲೆ, ಅನ್ವಯಿಕ ಕಲೆ ಮೊದಲಾದ ವಿಭಾಗಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಈ ಕ್ರಮದ ಹಿಂದೆ ಒಂದು ಗಟ್ಟಿಯಾದ ವಿಚಾರವಿದೆ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಆರಂಭವಾದ ಬೌಹೌಸ್ ಶಾಲೆಯಲ್ಲಿ ಯೊಹಾನೆಸ್ ಇಟ್ಟನ್ ಅವರು, ವಿದ್ಯಾರ್ಥಿಯು ಮರಗೆಲಸ, ನೇಯ್ಗೆ, ಲೋಹ ಎಂದು ಯಾವುದೇ ಕಾರ್ಯಾಗಾರಕ್ಕೆ ಹೋಗುವ ಮೊದಲು ಬಣ್ಣ, ಆಕಾರ ಮತ್ತು ವಸ್ತುಗಳ ಗುಣವನ್ನು ತನ್ನ ಕೈಯಿಂದಲೇ ಅರಿಯಬೇಕೆಂದು ಒಂದು ಪೂರ್ವಭಾವಿ ಪಾಠವನ್ನು ರೂಪಿಸಿದ್ದರು. ಜಗತ್ತಿನ ಅನೇಕ ಕಲಾಶಾಲೆಗಳ ಮೊದಲ ವರ್ಷದಲ್ಲಿ ಇಂದಿಗೂ ಅದರ ಛಾಯೆ ಕಾಣುತ್ತದೆ.

ಮುದ್ರಣ ಕಲೆಯ ತರಗತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಮುಂದಿನ ವೃತ್ತಿಗೆ ಅದು ಎಲ್ಲಕ್ಕಿಂತ ಹತ್ತಿರದ್ದು. ಎಚಿಂಗ್, ಅಂದರೆ ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಅಚ್ಚು ತೆಗೆಯುವ ಕೆಲಸ, ಮಾಡುವಾಗ ಸತುವಿನ ತಗಡಿನ ಅಂಚುಗಳನ್ನು ಮೊದಲು ಅರದಿಂದ ಓರೆಯಾಗಿ ಉಜ್ಜಿ ನಯಗೊಳಿಸಬೇಕು, ಇಲ್ಲವಾದರೆ ಪ್ರೆಸ್ಸಿನ ಒತ್ತಡಕ್ಕೆ ಕಾಗದ ಹರಿಯುತ್ತದೆ. ಬಳಿಕ ಜೇನುಮೇಣ, ರಾಳ ಮತ್ತು ಡಾಂಬರಿನಂಥ ಬಿಟುಮೆನ್ ಸೇರಿಸಿದ ಲೇಪವನ್ನು ತಗಡಿನ ಮೇಲೆ ತೆಳ್ಳಗೆ ಹರಡಿ, ಅದರ ಮೇಲೆ ಸೂಜಿಯಿಂದ ಗೆರೆ ಎಳೆದು, ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಇಳಿಸುತ್ತಾರೆ. ಲೇಪ ಕಿತ್ತ ಕಡೆಯೆಲ್ಲ ಸಣ್ಣ ಗುಳ್ಳೆಗಳು ಏಳುತ್ತವೆ. ಅವನ್ನು ಹಕ್ಕಿಯ ಗರಿಯಿಂದ ಹಗುರವಾಗಿ ಸವರಿ ತೆಗೆಯದಿದ್ದರೆ ಗೆರೆ ಒಂದೇ ಸಮನಾಗಿ ಕೊರೆಯುವುದಿಲ್ಲ. ತಗಡು ಹೆಚ್ಚು ಹೊತ್ತು ಆಮ್ಲದಲ್ಲಿದ್ದಷ್ಟೂ ಗೆರೆ ಆಳವಾಗಿ, ಅಚ್ಚಿನಲ್ಲಿ ಕಪ್ಪಾಗುತ್ತದೆ. ಇಂಕು ಮೆತ್ತಿ, ಬಟ್ಟೆಯಿಂದ ಮೇಲ್ಮೈಯನ್ನು ಒರೆಸಿ, ನೆನೆಸಿ ಹದಗೊಳಿಸಿದ ಕಾಗದವನ್ನಿಟ್ಟು ಪ್ರೆಸ್ಸಿನಲ್ಲಿ ಹಾಯಿಸಿದಾಗ ಚಿತ್ರವು ಎಡಬಲ ಅದಲುಬದಲಾಗಿ ಮೂಡುತ್ತದೆ. ಪರದೆಯ ಮೇಲೆ ಒಂದು ಗುಂಡಿ ಒತ್ತಿ ಗೆರೆಯ ದಪ್ಪವನ್ನು ಬದಲಾಯಿಸುವವರಿಗೆ, ಒಂದು ಗೆರೆಯ ತೂಕವೆಂದರೇನು ಎಂಬುದು ಇಷ್ಟು ಖಚಿತವಾಗಿ ತಿಳಿಯುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ.

ಲಿನೊ ಎಂಬ ಸುಲಭವಾಗಿ ಕೊರೆಯಬಹುದಾದ ಹಾಳೆಯ ಮೇಲೆ ಬಣ್ಣಕ್ಕೊಂದರಂತೆ ಅಚ್ಚು ಕೊರೆದು ಒಂದರ ಮೇಲೊಂದು ಮುದ್ರಿಸುವ ಪಾಠವೂ ಇರುತ್ತದೆ. ಎರಡನೆಯ ಅಚ್ಚು ಕೂದಲೆಳೆಯಷ್ಟು ಸರಿದರೂ ಬಣ್ಣಗಳ ನಡುವೆ ಬಿಳಿ ಅಂಚು ಇಣುಕುತ್ತದೆ. ಇಂದಿನ ಆಫ್‌ಸೆಟ್ ಪ್ರೆಸ್ಸಿನಲ್ಲಿಯೂ ನೀಲಿ, ಕೆನ್ನೇರಳೆಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಇಂಕುಗಳು ಬೇರೆ ಬೇರೆ ಪ್ಲೇಟುಗಳಿಂದಲೇ ಕಾಗದಕ್ಕೆ ಬೀಳುವುದರಿಂದ ಇದೇ ತೊಂದರೆ ಇದೇ ಕಾರಣಕ್ಕೆ ಬರುತ್ತದೆ. ಸಣ್ಣ ಅಕ್ಷರಗಳ ಕಂದು ಬಣ್ಣದ ಸಾಲನ್ನು ನಾಲ್ಕೂ ಇಂಕುಗಳ ಮಿಶ್ರಣದಲ್ಲಿ ಮುದ್ರಿಸಲು ಕೊಟ್ಟರೆ ಅದು ಮಸುಕಾಗಬಹುದು, ಒಂದೇ ಇಂಕಿನಲ್ಲಿ ಕೊಟ್ಟರೆ ಚೊಕ್ಕವಾಗಿ ಬರುತ್ತದೆ ಎಂಬುದನ್ನು ಲಿನೊ ಕೊರೆದವರಿಗೆ ಯಾರೂ ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಅಕ್ಷರ ಬರವಣಿಗೆಯ ಪಾಠವನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ. ಕನ್ನಡದಲ್ಲಿ ಕೆಲಸ ಮಾಡುವ ವಿನ್ಯಾಸಕಾರನಿಗೆ ಅದು ಅನ್ನದ ವಿದ್ಯೆ. ‘ರಾಷ್ಟ್ರ’ ಎಂಬ ಒಂದೇ ಪದವನ್ನು ದೊಡ್ಡದಾಗಿ ಬರೆದು ನೋಡಿ: ಷಕಾರದ ಕೆಳಗೆ ಎರಡು ಒತ್ತಕ್ಷರಗಳಿಗೆ ಜಾಗ ಬೇಕು. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರವನ್ನೇ ಕನ್ನಡಕ್ಕೂ ಉಳಿಸಿಕೊಂಡರೆ ಆ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೋ ತಲೆಕಟ್ಟಿಗೋ ತಾಗಿ ಪುಟವೆಲ್ಲ ಕಿಕ್ಕಿರಿದಂತೆ ಕಾಣುತ್ತದೆ. ಇದು ನಮ್ಮ ಅನೇಕ ಆಮಂತ್ರಣ ಪತ್ರಿಕೆಗಳಲ್ಲಿ ಮತ್ತು ನಾಮಫಲಕಗಳಲ್ಲಿ ಕಾಣುವ ದೋಷ, ಮತ್ತು ನೋಡಿದಾಗಲೆಲ್ಲ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಮಣ್ಣಿನ ಕೆಲಸದಿಂದ ಪ್ಯಾಕೇಜಿಂಗ್ ಮಾಡುವವರಿಗೆ ಘನಾಕಾರದ ತಿಳಿವಳಿಕೆ ಬರುತ್ತದೆ; ನಿಮಗೆ ಇನ್ನೇನೂ ಸಿಗದಿದ್ದರೂ ಅಷ್ಟು ಸಿಗುತ್ತದೆ. ಕಲಾ ಇತಿಹಾಸವನ್ನು ಮಾತ್ರ ಟಿಪ್ಪಣಿ ಉರುಹೊಡೆದು ಪಾಸಾಗುವ ವಿಷಯವಾಗಿಸಿಕೊಳ್ಳಬೇಡಿ, ಪ್ರವಾಸಕ್ಕೆ ಹೋದಾಗ ಬಾದಾಮಿಯ ಗುಹೆಗಳಲ್ಲಿ ಕುಳಿತು ಒಂದು ಕಂಬವನ್ನಾದರೂ ಪೂರ್ತಿ ಸ್ಕೆಚ್ ಮಾಡಿ. ಒಬ್ಬ ಕಲಾವಿದ ಒಂದೇ ಮಾಧ್ಯಮಕ್ಕೆ ಕಟ್ಟುಬಿದ್ದಿರಬೇಕಿಲ್ಲ ಎನ್ನುವುದಕ್ಕೆ ನಮ್ಮವರೇ ಆದ ಕೆ. ವೆಂಕಟಪ್ಪನವರಿದ್ದಾರೆ. ಮೈಸೂರಿನಿಂದ ಕೊಲ್ಕತ್ತಾಕ್ಕೆ ಹೋಗಿ ಅವನೀಂದ್ರನಾಥ ಟಾಗೋರರಲ್ಲಿ ಕಲಿತ ಅವರು ಊಟಿಯ ದೃಶ್ಯಗಳನ್ನು ಜಲವರ್ಣದಲ್ಲಿ ಬರೆದರು, ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನು ಮಾಡಿದರು, ವೀಣೆಯನ್ನೂ ಸಾಧಿಸಿದರು.

ಇನ್ನು ನಿಮಗೆ ಎದುರಾಗುವ ಕಷ್ಟಗಳು. ಸಾಮಗ್ರಿಯ ಖರ್ಚು ಶುಲ್ಕದಂತೆ ಒಮ್ಮೆ ಕಟ್ಟಿ ಮುಗಿಯುವುದಲ್ಲ. ಕಾಗದ, ಬಣ್ಣ, ತಗಡು ಎಂದು ವರ್ಷವಿಡೀ ಬರುತ್ತಲೇ ಇರುತ್ತದೆ, ಆದ್ದರಿಂದ ಮನೆಯವರೊಂದಿಗೆ ಈಗಲೇ ಮಾತಾಡಿಕೊಳ್ಳಿ. ಸಾಫ್ಟ್‌ವೇರ್ ಅನ್ನು ಬಹುಮಟ್ಟಿಗೆ ನೀವೇ ಕಲಿಯಬೇಕಾಗಬಹುದು. ಅದಕ್ಕೆ ಸಂಜೆಯ ಹೊತ್ತು ಸಾಕು. ಮನೆಯ ಪರಿಸ್ಥಿತಿಯಿಂದಾಗಿ ಒಂದೇ ವರ್ಷದಲ್ಲಿ ಸಂಬಳಕ್ಕೆ ಸೇರಲೇಬೇಕಾದ ಒತ್ತಾಯವಿದ್ದರೆ ಡಿಪ್ಲೊಮಾ ತಪ್ಪು ದಾರಿಯಲ್ಲ. ಅಂಥ ಒತ್ತಾಯವಿಲ್ಲದಿದ್ದರೆ ಅವಸರ ಬೇಡ.

ಸೀಟು ಒಪ್ಪಿಕೊಳ್ಳುವ ಮೊದಲು ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು), ಅಥವಾ ನಿಮಗೆ ಸೀಟು ಸಿಗುವ ಇನ್ನಾವುದೇ ಕಾಲೇಜಿಗೆ ತರಗತಿಗಳು ನಡೆಯುವ ದಿನವೇ ಹೋಗಿ. ಪ್ರೆಸ್ಸಿನ ಮೇಲೆ ಹಸಿ ಇಂಕು ಇದೆಯೇ, ಶಿಲ್ಪ ವಿಭಾಗದ ಮಣ್ಣಿನ ತೊಟ್ಟಿ ಒಣಗಿದೆಯೇ, ತರಗತಿ ಮುಗಿದ ಮೇಲೂ ವಿದ್ಯಾರ್ಥಿಗಳನ್ನು ಕಾರ್ಯಾಗಾರದಲ್ಲಿ ಕೂರಲು ಬಿಡುತ್ತಾರೆಯೇ ಎಂಬುದನ್ನು ಕಣ್ಣಾರೆ ನೋಡಿ, ಮೂರನೆಯ ವರ್ಷದವರನ್ನು ಕೇಳಿ ತಿಳಿದುಕೊಳ್ಳಿ. ಪಠ್ಯಕ್ರಮದಲ್ಲಿ ಹತ್ತು ವಿಷಯಗಳ ಹೆಸರಿದ್ದು ಕಾರ್ಯಾಗಾರಕ್ಕೆ ಬೀಗ ಬಿದ್ದಿದ್ದರೆ, ನಾನು ಮೇಲೆ ಹೇಳಿದ್ದು ಆ ಕಾಲೇಜಿಗೆ ಅನ್ವಯಿಸುವುದಿಲ್ಲ.