‘ಆಯ್ತು ಮೇಡಂ’ ಅಂದರೆ ಎಲ್ಲಿಯವರೆಗೆ ಆಯ್ತು?

ಪ್ರಶ್ನೆ: ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೀಮ್ ಲೀಡ್ ಆಗಿದ್ದೇನೆ. ಸಹಕಾರ ಸಂಘಗಳಿಗೆ ಸದಸ್ಯರ ಖಾತೆ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಶುಕ್ರವಾರ ಕೇಳಿದರೆ ಹುಡುಗರೆಲ್ಲ ‘ಆಯ್ತು ಮೇಡಂ’ ಅನ್ನುತ್ತಾರೆ. ಸೋಮವಾರ ಸಂಘದಿಂದ ಫೋನ್: ರಸೀದಿ ಬರುತ್ತಿಲ್ಲ, ಸದಸ್ಯರ ಹೆಸರು ತಪ್ಪಾಗಿದೆ. ಇನ್ನು ಪ್ರತಿಯೊಂದನ್ನೂ ನಾನೇ ಕೂತು ನೋಡಬೇಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೇಡಮ್ಮ. ನೀವೊಬ್ಬರೇ ನೋಡತೊಡಗಿದರೆ ಅವರು ನೋಡುವುದನ್ನೇ ಬಿಡುತ್ತಾರೆ. ಹುಡುಗರು ಸುಳ್ಳನ್ನೂ ಹೇಳುತ್ತಿಲ್ಲ. ಕೋಡ್ ಬರೆದವನಿಗೆ ತನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿದರೆ ಆಯ್ತು, ಸಂಘದ ಕಾರ್ಯದರ್ಶಿಗೆ ರಸೀದಿ ಕೈಗೆ ಬಂದರೆ ಆಯ್ತು. (ನಾನು ಟೆಸ್ಟಿಂಗ್‌ನಲ್ಲೇ ಕೆಲಸ ಮಾಡಿ ನಿವೃತ್ತಳಾದವಳು, ನನ್ನ ಒಲವು ಯಾವ ಕಡೆಗೆ ಅಂತ ಬೇರೆ ಹೇಳಬೇಕಿಲ್ಲ.)

ದೊಡ್ಡವರೂ ಇಲ್ಲೇ ಎಡವಿದ್ದಾರೆ. ಅಮೆರಿಕದಲ್ಲಿ ಷೇರು ವ್ಯವಹಾರ ನಡೆಸುತ್ತಿದ್ದ ನೈಟ್ ಕ್ಯಾಪಿಟಲ್ ತನ್ನ ಹೊಸ ಕೋಡನ್ನು ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಒಂದು ಉಳಿಯಿತು. ಅದರಲ್ಲಿ 2003ರಲ್ಲೇ ಬಳಕೆ ನಿಲ್ಲಿಸಿದ್ದ ‘ಪವರ್ ಪೆಗ್’ ಎಂಬ ಹಳೆಯ ಕೋಡ್ ಅಳಿಸದೆ ಬಿದ್ದಿತ್ತು. ಹೊಸ ಸೌಲಭ್ಯಕ್ಕೂ ಅದನ್ನು ಚಾಲೂ ಮಾಡುವ ಸ್ವಿಚ್‌ನಂಥ ‘ಫ್ಲ್ಯಾಗ’ನ್ನೇ ಬಳಸಿದ್ದರಿಂದ 2012ರ ಆಗಸ್ಟ್ 1ರ ಬೆಳಿಗ್ಗೆ ಅದು ಎದ್ದು ಕೂತಿತು. ಸುಮಾರು 45 ನಿಮಿಷಗಳ ವ್ಯವಹಾರದಲ್ಲಿ 46 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಹಾಕಿದ್ದನ್ನು ಇನ್ನೊಬ್ಬರು ಪರಿಶೀಲಿಸಿರಲಿಲ್ಲ, ಪರಿಶೀಲಿಸಬೇಕೆಂಬ ಲಿಖಿತ ನಿಯಮವೂ ಇರಲಿಲ್ಲ ಎಂದು ಅಲ್ಲಿನ ನಿಯಂತ್ರಕ ಸಂಸ್ಥೆ ಎಸ್‌ಇಸಿ ಹೇಳಿತು. ಮಾರುಕಟ್ಟೆ ತೆರೆಯುವ ಮೊದಲೇ ದೋಷ ಸೂಚಿಸುವ 97 ಇಮೇಲ್ ಬಂದಿದ್ದವಂತೆ!

ಸಾಫ್ಟ್‌ವೇರ್ ತಂಡಗಳು ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡಿ ಮುಗಿಸುವ ‘ಸ್ಕ್ರಮ್’ ಪದ್ಧತಿಯಲ್ಲಿ ‘ಡೆಫಿನಿಷನ್ ಆಫ್ ಡನ್’ ಅಂತ ಒಂದಿದೆ. ಕೆಲಸ ಮುಗಿಯಿತು ಎನ್ನಲು ಏನೇನು ಆಗಿರಬೇಕೆಂದು ಇಡೀ ತಂಡ ಒಪ್ಪಿ ಬರೆದಿಟ್ಟುಕೊಳ್ಳುವುದು. ಬಹಳ ಕಡೆ ಅದು ಗೋಡೆಯ ಮೇಲಿನ ಪೋಸ್ಟರ್ ಆಗಿಯೇ ಉಳಿಯುತ್ತದೆ. ನೀವು ಅದರ ಜೊತೆಗೆ ಪ್ರತಿ ಟಿಕೆಟ್‌ನಲ್ಲೂ (ಅಂದರೆ ಒಂದೊಂದು ಕೆಲಸದ ಚೀಟಿಯಲ್ಲೂ), ಕೋಡ್ ಶುರುವಾಗುವ ಮೊದಲೇ, ಕನ್ನಡದಲ್ಲೇ ಬರೆಸಿ: ‘ಹಣ ಕಟ್ಟಿಸಿಕೊಂಡ ಮೇಲೆ ಸಂಘದ ಪ್ರಿಂಟರ್‌ನಲ್ಲೇ ರಸೀದಿ ಬರಬೇಕು. ನಡುವೆ ಕರೆಂಟ್ ಹೋಗಿ ಬಂದರೂ ಅದೇ ಹಣ ಎರಡು ಸಲ ಜಮೆಯಾಗಬಾರದು.’ ಇದನ್ನು ಬರೆಯುವಾಗಲೇ ಅರ್ಧ ತಪ್ಪು ಹೊರಬೀಳುತ್ತದೆ.

ಹೆಸರಿನ ತೊಂದರೆಗೆ ನನ್ನ ಗುಮಾನಿ ನಿಮ್ಮ ಟೆಸ್ಟ್ ಡೇಟಾ ಮೇಲೆ. ‘ಟೆಸ್ಟ್ ಯೂಸರ್ 1’ ಎಂಬ ಸದಸ್ಯ ಯಾವ ಊರಲ್ಲೂ ಇಲ್ಲ. ಅಡ್ಡಹೆಸರಿಲ್ಲದವರು, ಮೂರು ಇನಿಷಿಯಲ್ ಇರುವವರು, ತಂದೆ ಮಗ ಇಬ್ಬರಿಗೂ ಅಜ್ಜನ ಹೆಸರಿರುವವರು, ಒತ್ತಕ್ಷರ ತುಂಬಿದ ಹೆಸರಿನವರು, ಇಂಥವರನ್ನು ಹಾಕಿ ನೋಡಿ.

ಶುಕ್ರವಾರ ‘ಆಯ್ತಾ?’ ಅಂತ ಕೇಳಬೇಡಿ, ‘ತೋರಿಸು’ ಅನ್ನಿ. ತೋರಿಸುವುದು ಸಂಘದಲ್ಲಿರುವಂಥದೇ ಕಂಪ್ಯೂಟರ್‌ನಲ್ಲಿ, ಕೋಡ್ ಬರೆಯದ ಇನ್ನೊಬ್ಬರ ಕೈಯಲ್ಲಿ. ‘ತೊಂಬತ್ತು ಪರ್ಸೆಂಟ್ ಆಗಿದೆ’ ಅಂದದ್ದು ಬಾಕಿ ಪಟ್ಟಿಗೆ ವಾಪಸ್, ದಾಕ್ಷಿಣ್ಯ ಬೇಡ. ಶುಕ್ರವಾರ ಸಂಜೆ ಹೊಸ ಆವೃತ್ತಿ ಹಾಕುವ ರೂಢಿಯಿದ್ದರೆ ಈ ವಾರವೇ ನಿಲ್ಲಿಸಿ. ಬುಧವಾರ ಹಾಕಿದರೆ ಗುರುವಾರ ಸಂಘದವರು ಕೌಂಟರ್ ತೆರೆಯುವಾಗ ನಿಮ್ಮವರೆಲ್ಲ ಆಫೀಸಿನಲ್ಲೇ ಇರುತ್ತಾರೆ.